ಎಂಬತ್ತು ತಂತಿಯ ಪಟ್ಟಿ

ಮಿಶ್ಕೋಲ್ಟ್ಸ್ ಊರಿನ ಟ್ರಾಮ್ ಡಿಪೋದ ಹಿಂದೆ
ಸಿನ್ವಾ ಹೊಳೆ ಕಾಂಕ್ರೀಟಿನೊಳಗೆ ಮೈ ಹಿಡಿಮಾಡಿಕೊಂಡು ಹರಿಯುವಲ್ಲಿ
ನನ್ನ ಅಂಗಡಿ. ಗೋಡೆಗೊಂದು ರಟ್ಟು,
ರಟ್ಟಿನ ಮೇಲೆ ಸೀಸದಕಡ್ಡಿಯ ಲೆಕ್ಕ:

ಫ್ಲಾಪಿ, ಸೆಕೆಂಡಿಗೆ ಅರವತ್ತೆರಡು ಕಿಲೋಬೈಟು.
ಎಂಎಫ್‌ಎಂ, ಆರುನೂರ ಇಪ್ಪತ್ತೈದು, ಅದೂ ಕಾಗದದ ಮೇಲೆ.
ಸ್ಕಸಿ, ಮೊದಮೊದಲು ಐದು ಮೆಗಾ.
ಐಡಿಇ, ಮೂರು ಚಿಲ್ಲರೆಯಿಂದ ತೆವಳಿ
ಮುಪ್ಪಿನಲ್ಲಿ ನೂರ ಮೂವತ್ತಮೂರು.
ಸಾಟಾ, ಹುಟ್ಟಿದ ದಿನವೇ ನೂರೈವತ್ತು.

ಚಟಾಕು, ಪಾವು, ಸೇರು, ಕೊಳಗ, ಖಂಡುಗ.
'ಖಂಡುಗ ಇರುವಾಗ ಚಟಾಕನ್ನು ಯಾಕೆ ಒರೆಸಿಡುತ್ತೀರಿ?'
ಕೆಲಸ ಕಲಿಯಲು ಬಂದ ಜೊಂಬೋರ್ ಕೇಳುತ್ತಾನೆ,
ಗಸಗಸೆ ರೊಟ್ಟಿಯ ಪುಡಿಯನ್ನು ಕೀಬೋರ್ಡಿನ ಮೇಲೆ ಉದುರಿಸುತ್ತಾ.

ಅವನಿಗೆ ಪಟ್ಟಿಗಳನ್ನು ತೋರಿಸಿದೆ.
ನೋಡು, ಹದಿನಾರು ಜನ ಹೆಗಲಿಗೆ ಹೆಗಲು ತಾಗಿಸಿ ನಡೆದರೆ
ಒಬ್ಬ ತಡವಾದರೂ ಸಾಲೇ ನಿಲ್ಲಬೇಕು;
ಒಬ್ಬನೇ ಓಡುವವನಿಗೆ ಆ ರಗಳೆಯಿಲ್ಲ, ಸಾಟಾ ಗೆದ್ದದ್ದು ಹಾಗೆ.
ಅದಕ್ಕೂ ಮುಂಚೆ, ಮೂವತ್ತಮೂರು ಅರವತ್ತಾರಾಗುವಾಗ,
ಪಟ್ಟಿಗೆ ಇನ್ನೂ ನಲವತ್ತು ತಂತಿ ಸೇರಿಸಿದರು.
ಅವು ಏನನ್ನೂ ಹೊರುವುದಿಲ್ಲ.
ಮಾತಾಡುವ ಎರಡರ ನಡುವೆ ಸುಮ್ಮನಿರುವ ಒಂದು,
ಇವಳ ಮಾತು ಅವಳ ಕಿವಿಗೆ ತುಳುಕದ ಹಾಗೆ.
ವೇಗ ಇಮ್ಮಡಿಸಿದ್ದು ಸುಮ್ಮನಿದ್ದವರಿಂದ.

ಜೊಂಬೋರ್ ಆಕಳಿಸಿದ.

ನವೆಂಬರಿನಲ್ಲಿ ವೆಂಡೆಲ್ ಬಾಚಿ ಬಂದರು,
ಟವೆಲಿನಲ್ಲಿ ಸುತ್ತಿದ ಇಟ್ಟಿಗೆ ತೂಕದ ಡಿಸ್ಕು. ಇಪ್ಪತ್ತು ಮೆಗಾ.
ವಿಯೆನ್ನಾದಿಂದ ಯಾರದೋ ಕಾರಿನ ಸೀಟಿನಡಿ ಬಂದದ್ದಂತೆ,
ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿಗೆ.
ಕಾರ್ಖಾನೆ ಮುಚ್ಚಿದಾಗ ಲೆಕ್ಕದ ತೆರ್ಕಾ
ಹೊಲಿಗೆ ಯಂತ್ರದ ಕೆಳಗೆ ಇಟ್ಟುಕೊಂಡಿದ್ದಳು.
ಪಿಂಚಣಿ ಕಚೇರಿ ಕೇಳುತ್ತಿದೆ:
ಏಳು ವರ್ಷ ಕುಲುಮೆಯ ಬಾಯಲ್ಲಿದ್ದಿರಿ ಎಂಬುದಕ್ಕೆ ಸಾಕ್ಷಿ ಏನು?

ಕರೆಂಟು ಕೊಟ್ಟರೆ ಡಿಸ್ಕು ಮಿಸುಕಲಿಲ್ಲ.
ಕೂದಲೊಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿ,
ಮಣಿಕಟ್ಟು ತಿರುಪಿ ಒಂದು ಸಣ್ಣ ಜಾಡಿಸು.
ಬೀಸುವ ಕಲ್ಲಿನ ಮೊದಲ ಸುತ್ತಿನಂತೆ ಗರ್ ಎಂದಿತು.

ಒಂದನ್ನು ಓದಿ ಎರಡನ್ನು ದಾಟಿ ಮತ್ತೊಂದು;
ಕಂಪ್ಯೂಟರಿಗೆ ತುತ್ತು ನುಂಗಲು ಹೊತ್ತು ಬೇಕೆಂದು
ಅಂದಿನವರೇ ಹಾಗೆ ಜೋಡಿಸಿಟ್ಟಿದ್ದರು.
ಒಂದು ವರ್ತುಲಕ್ಕೆ ಮೂರು ಪ್ರದಕ್ಷಿಣೆ.
ಹಾಗಿದ್ದೂ ಇಡೀ ಡಿಸ್ಕು ಎರಡೇ ನಿಮಿಷ,
ಒಂದು ತುಣುಕು ಬಿಟ್ಟು.
ಅದಕ್ಕೆ ನಲವತ್ತು ನಿಮಿಷ ಹಿಡಿಯಿತು:
ಓದು, ತಪ್ಪು, ಓದು, ತಪ್ಪು.
ಅಕ್ಷರಕ್ಕೆ ಅಳಿವಿಲ್ಲ ಎಂದವರು
ಕಾಂತದ ಪುಡಿಯನ್ನು ಕಂಡಿರಲಿಲ್ಲ.

ಕೊನೆಗೆ ಬಂತು. ೧೯೮೯ರ ಮಾರ್ಚಿ, ರಾತ್ರಿ ಪಾಳಿ,
ಕೂಪನ್ ೩೧೧೮, ಹುರುಳಿಕಾಯಿ ಸೂಪು, ಬ್ರೆಡ್ಡು ಎರಡು ಹೋಳು.
'ಅವತ್ತು ಉಪ್ಪು ಜಾಸ್ತಿಯಾಗಿತ್ತು,' ಎಂದರು ಬಾಚಿ,
ಯಾವ ಪಟ್ಟಿಯೂ ಇಲ್ಲದೆ, ಕಣ್ಣು ಮಿಟುಕಿಸುವುದರೊಳಗೆ.

ಅವರ ಬೆರಳು ಪರದೆಯ ಮೇಲೆ ಕೆಳಗಿಳಿಯಿತು.
೩೧೧೮, ೩೧೧೯. ೩೧೧೮, ೩೧೧೯.
ಪ್ರತಿ ರಾತ್ರಿ ಒಂದರ ಬೆನ್ನಿಗೆ ಒಂದು.
ಜೂನ್ ಹದಿನಾಲ್ಕರ ನಂತರ
೩೧೧೮. ೩೧೧೮. ೩೧೧೮.

ನಾನು ಕೇಳಲಿಲ್ಲ.
ಜೊಂಬೋರ್ ಬಾಯಿ ತೆರೆದವನು, ಯಾಕೋ, ಮುಚ್ಚಿಕೊಂಡ.
ಫ್ಯಾನಿನ ಸದ್ದೊಂದೇ.
ಆಮೇಲೆ ಬಾಚಿ ತಾವಾಗಿ ಹೇಳಿದರು,
ನಿಧಾನವಾಗಿ, ಒಂದನ್ನು ಹೇಳಿ ಎರಡನ್ನು ದಾಟಿ.
ಟ್ರಾಮಿನ ಕೊನೆಯ ಗಾಡಿ ಹೋಯಿತು.

ಕಾಗದಗಳನ್ನು ಮುದ್ರಿಸಿ ಕೊಟ್ಟೆವು.
ಮುಂದಿನ ಶರತ್ಕಾಲದಲ್ಲಿ ರಟ್ಟಿನ ಬುಡಕ್ಕೆ
ಜೊಂಬೋರನ ಓರೆ ಅಕ್ಷರದಲ್ಲಿ ಒಂದು ಸಾಲು:
ಪಿಂಚಣಿ ಕಚೇರಿ, ಹನ್ನೊಂದು ತಿಂಗಳಿಗೆ ಒಂದು ಸಹಿ.
ರಬ್ಬರು ಕೈಯಲ್ಲೇ ಇತ್ತು. ಅಳಿಸಲಿಲ್ಲ.